ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಪ್ರೀತಿಯ ಅತ್ತೆಗೆ,

ನಾದಿನಿಯ ಮನೆಯಲ್ಲಿ ಆರಾಮವಾಗಿದ್ದೀರಿ ಎಂದುಕೊಳ್ಳುತ್ತೇನೆ.

ನಮ್ಮ ಬೇಕರಿಗೆ ಹೊಸ ಡಬ್ಬಿ ಆರಿಸಿದೆ. ಡಬ್ಬಿ ಮಾರುವವನು ತಂದದ್ದರಲ್ಲಿ ಫಳಫಳ ಹೊಳೆಯುವುದೊಂದಿತ್ತು. ನೀವು ಮಾಡುತ್ತಿದ್ದಂತೆ ಅದರಲ್ಲೊಂದು ಬೆಣ್ಣೆ ಬಿಸ್ಕತ್ತು ಮುಚ್ಚಿಟ್ಟು, ಮರುದಿನ ಮೂಸಿದೆ. ಬರೀ ಬಣ್ಣದ ವಾಸನೆ. ಅವನು ನಂಬಲಿಲ್ಲ, ತಿನ್ನಲು ಕೊಟ್ಟೆ. ಅರ್ಧ ಅಗಿದು ಮುಖ ಕಿವುಚಿದ.

"ಗೋಡೆ ನೆಕ್ಕಿದ ಹಾಗಿದೆಯಲ್ಲಕ್ಕಾ! ಯಾರು ಹೇಳ್ಕೊಟ್ರು ಈ ಪರೀಕ್ಷೆ?"

"ನಮ್ಮತ್ತೆ," ಎಂದೆ. ಅದೆಷ್ಟು ಜಂಬದಿಂದ ಎಂದೆನೋ, ಒಲೆಯ ಹತ್ತಿರ ನಿಮ್ಮ ಮಗ ನಕ್ಕುಬಿಟ್ಟರು. ಸಾದಾ ರಟ್ಟಿನದನ್ನೇ ತೆಗೆದುಕೊಂಡೆ.

ಡಬ್ಬಿಗೆ ದಾರ ಕಟ್ಟುವುದು ಮಾತ್ರ ನನಗೆ ಒಲಿಯುತ್ತಿಲ್ಲ. ಹಿಟ್ಟಿನ ಮೂಟೆ ಹೊಲಿಯುತ್ತಿದ್ದ ನಿಮ್ಮಪ್ಪ ಕಲಿಸಿದ ಗಂಟು ಅದು. ನೀವು ಕಟ್ಟಿದ್ದು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ನಾನು ಕಟ್ಟಿದ್ದಕ್ಕೆ ಗಿರಾಕಿಗಳು ಕತ್ತರಿ ಕೇಳುತ್ತಾರೆ.

ಜ್ವರ ಬಿಟ್ಟ ಮೇಲೂ ನಿಮ್ಮ ಮೂಗಿಗೆ ವಾಸನೆ ಮರಳಲಿಲ್ಲ. "ವಾಸನೇನೇ ಗೊತ್ತಾಗದವಳಿಗೆ ಬೇಕರೀಲೇನು ಕೆಲಸ?" ಎಂದು ಹೊರಟುಬಿಟ್ಟಿರಿ. ನಿಮ್ಮ ಸ್ಟೂಲು ಕಿಟಕಿಯ ಪಕ್ಕದಲ್ಲೇ ಇದೆ. ಸೋಮವಾರ ಡಬ್ಬಿಗಳು ಬರುತ್ತವೆ, ದಾರವನ್ನೂ ತಂದಿಟ್ಟಿದ್ದೇನೆ.

ಗಂಟು ಹಾಕಲು ಮೂಗು ಬೇಕಿಲ್ಲ, ಅತ್ತೆ.

ದಾರಿ ನೋಡುತ್ತಿರುವ
ನಿಮ್ಮ ಸೊಸೆ