ಖಾಲಿ ಇದ್ದಲ್ಲೆಲ್ಲ ಸೊನ್ನೆ

ಮಾರ್ಚ್ ೧೧, ಮಂಗಳವಾರ

ಇವತ್ತು ಊಟ ಸೇರಲಿಲ್ಲ. ಆಸ್ಪತ್ರೆ ಸಮೀಕ್ಷೆಯ ಫೈಲು ಕೆಟ್ಟುಹೋಗಿದೆ, ಸರಿಪಡಿಸುವ ದಾರಿಯೂ ಇಲ್ಲ.

‘ಕಳೆದ ವಾರ ಎಷ್ಟು ದಿನ ನೋವಿತ್ತು?’ ಎಂಬ ಪ್ರಶ್ನೆಗೆ ಎಷ್ಟೋ ರೋಗಿಗಳು ಉತ್ತರ ಬರೆದಿರಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಆ ಖಾಲಿ ಜಾಗಗಳಿಗೆಲ್ಲ ಸೊನ್ನೆ ತುಂಬಿ, ಅದೇ ಫೈಲಿನ ಮೇಲೆ ಸೇವ್ ಮಾಡಿಬಿಟ್ಟಿದ್ದಾಳೆ. ಬೇರೆ ಪ್ರತಿ ಇಲ್ಲ. ಕಾಗದದ ಫಾರ್ಮುಗಳು ಹೋದ ತಿಂಗಳೇ ರದ್ದಿಗೆ ಹೋದವು. ನಿಜವಾಗಿ ನೋವಿಲ್ಲದವರು ಯಾರು, ಪೆನ್ನು ಹಿಡಿಯಲಾರದಷ್ಟು ನೋವಿದ್ದವರು ಯಾರು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರೂ ಸೊನ್ನೆ.

ಅವಳ ಮೇಲೆ ಹರಿಹಾಯ್ದೆ. “ಖಾಲಿ ಬಿಟ್ರೆ ಸರಾಸರಿ ಬರದೆ ಎರರ್ ತೋರಿಸ್ತಿತ್ತು ಅಕ್ಕಾ, ಅದಕ್ಕೇ ತುಂಬಿದೆ,” ಅಂದಳು. ಕಣ್ಣು ತುಂಬಿಕೊಂಡಿತ್ತು ಪಾಪ, ಆದರೂ ನಾನು ಬಿಡಲಿಲ್ಲ.

ಸಾಹೇಬರಿಗೆ ಹೇಳಿದೆ. ಕನ್ನಡಕ ಒರೆಸುತ್ತಾ, “ನೋವು ಕಡಿಮೆ ಅಂತ ತಾನೇ ಬಂದಿರೋದು? ಒಳ್ಳೇದೇ ಆಯ್ತಲ್ಲಮ್ಮಾ, ಹಾಗೇ ಕಳಿಸಿ,” ಅಂದರು. ಆ ಸರಾಸರಿ ನೋಡಿಯೇ ಯಾವ ವಾರ್ಡಿಗೆ ಎಷ್ಟು ನರ್ಸುಗಳೆಂದು ತೀರ್ಮಾನಿಸುತ್ತಾರೆ. ಕಳಿಸಿದೆ. ನನ್ನ ಕೈಯಲ್ಲಿ ಏನಿದೆ.

ಮನೆಗೆ ಬಂದರೆ ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. “ಸೊಂಟ ನೋಯ್ತಿದ್ಯಾ ಅಮ್ಮಾ?” ಎಂದು ಕೇಳಿದೆ. ಮಾತಿಲ್ಲ. ಮತ್ತೆ ಕೇಳಿದೆ. ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು, ಅಷ್ಟೇ.

ಬಾಗಿಲಲ್ಲಿ ನಿಂತಿದ್ದ ಅಣ್ಣ, “ಏನೂ ಹೇಳ್ತಿಲ್ಲ ಅಂದ್ರೆ ಇವತ್ತು ನೋವಿಲ್ಲ ಅನ್ಸುತ್ತೆ ಬಿಡು,” ಅಂದ.

ತುಂಬ ಸುಸ್ತಾಗಿತ್ತು. ಹೂಂ ಅಂದುಬಿಟ್ಟೆ.