ಮೂರನೆಯ ದೋಣಿಯ ಹಾಯಿ

ಅಕ್ಟೋಬರ್ 14, ಸೋಮವಾರ. ಬೆಳಗ್ಗೆ 8.30

ಗಾಳಿ ಇತ್ತು, ಹೆಚ್ಚಿರಲಿಲ್ಲ. ಹುಸೇನ್ ಸಾಗರ ಕೆರೆಯ ವಾಸನೆ ಎಂದಿನಂತೆ. ಗಣಪತಿ ಮುಳುಗಿ ತಿಂಗಳಾಗುತ್ತ ಬಂತು, ದಂಡೆಯಲ್ಲಿ ಇನ್ನೂ ಕಬ್ಬಿಣದ ಸಲಾಕೆಗಳು. ಯಾರಿಗೂ ಎತ್ತಿಸುವ ದರ್ದಿಲ್ಲ.

ಸೇಲಿಂಗ್ ಕ್ಲಬ್ಬಿನ ಹುಡುಗಿಯರಿಗೆ ಮೇನ್‌ಸೇಲ್, ಅಂದರೆ ದೊಡ್ಡ ಹಾಯಿ, ಏರಿಸುವ ಪಾಠ. ಭಕ್ತಿ ಎರಡನೆಯ ದೋಣಿ, ಮೂವತ್ತು ಸೆಕೆಂಡ್. ಸೌಂದರ್ಯಾ ಮೂರನೆಯ ದೋಣಿ. ಹಾಯಿ ಅರ್ಧಕ್ಕೇ ನಿಂತಿತು. ಹಗ್ಗಕ್ಕೆ ಜೋತುಬಿದ್ದು ಎಳೆದಳು. ಒಂದು ನಿಮಿಷ ಐವತ್ತು.

"ಸರ್, ಮ್ಯಾಲೆ ಏನೋ ಹಿಡದಂಗ ಆಗಾಕತ್ತೈತ್ರಿ."

"ಮ್ಯಾಲೆ ಏನೂ ಹಿಡದಿಲ್ಲ. ನಿನ್ನ ತೋಳಾಗ ಬಲ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ದಸರೆಗೆ ಮುಂಚೆ ಇದೇ ಹುಡುಗಿ ಇದೇ ಹಾಯಿಯನ್ನು ಸಲೀಸಾಗಿ ಏರಿಸುತ್ತಿದ್ದಳು... ಹಬ್ಬದಲ್ಲಿ ತಿಂದು ಮಲಗಿ ಮೈಗಳ್ಳಿಯಾಗಿದ್ದಾಳೆ.

ಅಕ್ಟೋಬರ್ 16, ಬುಧವಾರ

ಇವತ್ತೂ ಅದೇ ರಗಳೆ. ಒಂದೊಂದೇ ನೋಡಿದೆ, ಎಲ್ಲ ಇರಬೇಕಾದಂತೆಯೇ ಇದೆ. ದೋಣಿಯ ಮೂತಿ ಗಾಳಿಗೆ ಎದುರಾಗಿದೆ. ಹಾಯಿಯನ್ನು ಕೆಳಗೆ ಎಳೆದು ಹಿಡಿಯುವ ಹಗ್ಗಗಳೆಲ್ಲ ಸಡಿಲ. ಹಾಯಿಯ ಅಂಚು ಮಾಸ್ಟ್‌ ಕಂಬದ ಸೀಳಿನಲ್ಲಿ ನೆಟ್ಟಗೆ ಕೂತಿದೆ. ಸೀಳಿನಲ್ಲಿ ವಿಸರ್ಜನೆಯ ಬಣ್ಣದ ಕೆಸರು ಇರಬಹುದೆಂದು ಒರೆಸಿಸಿ ಮೇಣದಬತ್ತಿ ಉಜ್ಜಿಸಿದೆ. ಏನೂ ಫರಕಿಲ್ಲ.

ಕಲ್ಲೇಶ — ನಮ್ಮ ಕ್ಲಬ್ಬಿನ ದೋಣಿ ರಿಪೇರಿಯವನು — ತಲೆ ಕೆರೆದುಕೊಂಡ. "ಮಾಸ್ಟ್ ಇಳಿಸಿ ತುದಿ ನೋಡೋಣ್ರಿ ಸರ್. ರಾಟಿ ತಿರಗವಲ್ದು ಅನಸ್ತೈತಿ."

"ಅರ್ಧ ದಿನ ಹಾಳು. ಟ್ರಯಲ್ ಆದಮ್ಯಾಲೆ ನೋಡಿದರಾತು."

ನಾನೇ ಎಳೆದು ತೋರಿಸಿದೆ. ಬಿಗಿ ಇತ್ತು, ಆದರೂ ಹೋಯಿತು. ಎಂಬತ್ತೆರಡು ಕೆಜಿ ಗಂಡಸು ಎಳೆದರೆ ಹೋಗದೇನು. ಈಗ ಬಲಭುಜ ಸಿಡಿಯುತ್ತಿದೆ, ಝಂಡು ಬಾಮ್ ಹಚ್ಚಿಕೊಂಡು ಬರೆಯುತ್ತಿದ್ದೇನೆ. ಸೌಂದರ್ಯಾಳ ಮುಂದೆ ಮಾತ್ರ ಮುಖ ಕಿವುಚಲಿಲ್ಲ. ಇಪ್ಪತ್ತು ಸಲ ಏರಿಸಿ ಇಳಿಸು ಎಂದೆ. ಹದಿನಾಲ್ಕನೆಯದಕ್ಕೆ ಅಂಗೈ ಸುಲಿಯಿತು. ಇಪ್ಪತ್ತೂ ಮಾಡಿದಳು.

ಅಕ್ಟೋಬರ್ 18, ಶುಕ್ರವಾರ. ಟ್ರಯಲ್

ರಾಷ್ಟ್ರೀಯ ಕ್ಯಾಂಪಿಗೆ ನಮ್ಮಿಂದ ಒಬ್ಬಳೇ. ಹೋದವಳಿಗೆ ಎರಡು ವರ್ಷ ಹಾಸ್ಟೆಲ್, ಊಟ, ಕಾಲೇಜು ಪುಕ್ಕಟೆ. ಹದಿನೆಂಟು ತುಂಬಿದವರಿಗೆ ಇಲ್ಲ. ಸೌಂದರ್ಯಾಗೆ ಡಿಸೆಂಬರಿನಲ್ಲಿ ತುಂಬುತ್ತದೆ. ಅಂದರೆ ಈ ವರ್ಷ ಇಲ್ಲವೆಂದರೆ ಎಂದಿಗೂ ಇಲ್ಲ.

ನೀರಿಗಿಳಿದರೆ ಅವಳದೇ ಆಟ. ಮೂರಕ್ಕೆ ಮೂರೂ ರೇಸ್ ಗೆದ್ದಳು. ಭಕ್ತಿ ಪ್ರತಿ ಸಲ ಹಿಂದೆ. ಗಾಳಿ ತಿರುಗುವ ಮುಂಚೆಯೇ ಗಾಳಿ ಗೊತ್ತಾಗುತ್ತದೆ ಈ ಹುಡುಗಿಗೆ — ನನಗೆ ಆ ವಯಸ್ಸಿನಲ್ಲಿ ಅದು ಇರಲಿಲ್ಲ. ಬರೆದುಬಿಡುತ್ತೇನೆ, ಹೊಟ್ಟೆಕಿಚ್ಚಾಯಿತು.

ಆದರೆ ಹಾಯಿ ಏರಿಸಲು ನಲವತ್ತೈದು ಸೆಕೆಂಡ್ ದಾಟಿದರೆ ಔಟ್. ನಿಯಮ ನನ್ನದು. ಹನ್ನೆರಡು ವರ್ಷದಿಂದ ಯಾರಿಗೂ ಸಡಿಲಿಸಿಲ್ಲ. ಅವಳದು ಒಂದು ನಿಮಿಷ ಇಪ್ಪತ್ತೆಂಟು.

"ಸರ್, ಭಕ್ತಿ ದೋಣಿ ಮ್ಯಾಲೆ ಒಮ್ಮೆ ಏರಸ್ಲೇನ್ರಿ? ಒಂದ ಸಲ."

"ದೋಣಿ ಬದಲಿ ಕೇಳೋರು ನೆಪ ಹುಡಕೋರು."

ಅಳುತ್ತಾಳೆಂದು ಕಾದೆ. ಅಳಲಿಲ್ಲ. ಹಾಯಿ ಮಡಚಿ ಚೀಲಕ್ಕೆ ತುಂಬಿ, ಸನತ್‌ನಗರದ ಬಸ್ಸಿಗೆ ಹೋದಳು.

ಅಕ್ಟೋಬರ್ 20, ಭಾನುವಾರ. ಬೆಳಗ್ಗೆ 11

ಕಲ್ಲೇಶ ನನ್ನನ್ನು ಕೇಳದೆಯೇ ಮಾಸ್ಟ್ ಇಳಿಸಿದ್ದ. ಫೋನ್ ಮಾಡಿ ಕರೆಸಿದ.

ತುದಿಯ ರಾಟೆಗೆ ನೈಲಾನ್ ದಾರ ಸುತ್ತಿಕೊಂಡಿದೆ. ಬಿಗಿಯಾಗಿ, ಏಳೆಂಟು ಸುತ್ತು. ನಡುವೆ ಒಣಗಿದ ಚೆಂಡುಹೂವಿನ ಎಸಳು. ರಾಟೆ ಒಂದಿಷ್ಟೂ ತಿರುಗುವುದಿಲ್ಲ.

"ಖಂಡೇಪೂಜಿ ದಿನಾ ನೀವ ಏರಿಸಿದ್ದ ಮಾಲಿ ಸರ್ ಇದು."

ಹೌದು, ಆಯುಧಪೂಜೆಯ ದಿನ. ಮಿಕ್ಕ ದೋಣಿಗಳಿಗೆಲ್ಲ ಮಾಲೆಯನ್ನು ಬುಡಕ್ಕೆ ಕಟ್ಟಿದ್ದರು. ನಮ್ಮ ಮನೆಯಲ್ಲಿ ಆಯುಧಕ್ಕೆ ಮಾಲೆ ಹಾಕಿದರೆ ತುದಿಗೇ ಹಾಕುವುದು, ಅಪ್ಪ ತಮ್ಮ ಆಫೀಸಿನ ಜೀಪಿಗೂ ಹಾಗೇ ಮಾಡುತ್ತಿದ್ದರು. ಮೂರನೆಯ ದೋಣಿಯಲ್ಲಿ ಹಾಯಿಯ ಹಗ್ಗಕ್ಕೆ ಮಾಲೆ ಕಟ್ಟಿ ತುದಿಯವರೆಗೆ ಎಳೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಸುವಾಗ ಮಾಲೆ ಹರಿಯಿತು. ಹೂವು ಉದುರಿತು, ದಾರ ಮೇಲೇ ಉಳಿಯಿತು.

ನಾಚಿಕೆಯಾಯಿತು. ಹಿಂದೆಯೇ ಸಿಟ್ಟು — ಕಲ್ಲೇಶನ ಮೇಲೆ. ಯಾರು ಇಳಿಸು ಅಂದಿದ್ದರು ಇವನಿಗೆ?

"ಲಿಸ್ಟ್ ಕಳಸೂದು ನಾಳೆ ಐದಕ್ಕಲ್ರೀ ಸರ್. ಇನ್ನಾ ಟೈಮ್ ಐತಿ. ಪಾಪ, ಆ ಹುಡುಗಿದೇನೂ ತಪ್ಪಿಲ್ಲ."

"ಕಲ್ಲೇಶ, ನಿನ್ನ ನೌಕರಿ ಇನ್ನಾ ಟೆಂಪರರಿ ಐತಲ್ಲೋ?"

ಅವನು ಇಕ್ಕಳದಿಂದ ದಾರ ಬಿಡಿಸಿ ನನ್ನ ಕೈಗಿಟ್ಟ. ಕೆರೆಗೆ ಎಸೆದೆ.

ಅಕ್ಟೋಬರ್ 21, ಸೋಮವಾರ. ಸಂಜೆ 5.05

ನಾಲ್ಕಕ್ಕೇ ಮೇಲ್ ತೆರೆದು ಕೂತಿದ್ದೆ. ಸೌಂದರ್ಯಾ ಎಂದು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ.

ಅವಳ ಹೆಸರು ಹೋದರೆ ಕ್ಲಬ್ಬಿನ ಕಮಿಟಿಯವರು ಔಟಾದವಳು ಯಾಕೆ ಅನ್ನುತ್ತಾರೆ. ಮಾಲೆಯ ಕಥೆ ಹೇಳಬೇಕು. ಎಲ್ಲರೆದುರು ನಕ್ಕಿದ್ದೇನೆ, ಅಂಗೈ ಸುಲಿಸಿದ್ದೇನೆ. ಇಷ್ಟು ವರ್ಷದ ಹೆಸರು ಒಂದು ಹೂವಿನ ದಾರಕ್ಕೆ ಹೋಗಬೇಕೇ? ಭಕ್ತಿಯೂ ಕೆಟ್ಟವಳೇನಲ್ಲ. ಅವಳಿಗೂ ಹಾಸ್ಟೆಲ್ ಬೇಡವೇ?

4.56ಕ್ಕೆ ಕಳಿಸಿದೆ. ಭಕ್ತಿ.

ಮೇಲ್ ಮುಚ್ಚಿದೆ. ಚಹಾ ಕುಡಿದೆ.

ಅಕ್ಟೋಬರ್ 22, ಮಂಗಳವಾರ

ಅನುಮಾನ ಯಾರ ತಲೆಯಲ್ಲೂ ಉಳಿಯಬಾರದು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೂರನೆಯ ದೋಣಿಯ ಹಾಯಿಯನ್ನು ಏರಿಸಲು ಭಕ್ತಿಗೆ ಹೇಳಿದೆ. ಇಪ್ಪತ್ತೇಳು ಸೆಕೆಂಡ್.

ಸೌಂದರ್ಯಾಳ ಕಡೆ ತಿರುಗಿದೆ. "ನೋಡಿದೇನು? ದೋಣಿ ಅದ ಐತಿ. ತೋಳು ಬ್ಯಾರೆ."

ಅವಳು ತನ್ನ ಕೈ ನೋಡಿಕೊಂಡಳು. ಕಲ್ಲೇಶ ಎದ್ದು ಶೆಡ್ಡಿನೊಳಕ್ಕೆ ಹೋದ.

ನವೆಂಬರ್ 3, ಭಾನುವಾರ

ಹನ್ನೆರಡು ದಿನ ಏನೂ ಬರೆಯಲಿಲ್ಲ. ದೀಪಾವಳಿ, ನೆಂಟರು. ಸುಳ್ಳು... ಪುಸ್ತಕ ತೆರೆಯಲು ಮನಸ್ಸಿರಲಿಲ್ಲ.

ಇವತ್ತು ಸೌಂದರ್ಯಾಳ ತಂದೆ ಬಂದಿದ್ದರು. ಸೂಗಪ್ಪ, ಸನತ್‌ನಗರದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಕೆಲಸ. ಡಬ್ಬಿ ತುಂಬ ಶೇಂಗಾ ಹೋಳಿಗೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ದತ್ತಾತ್ರೇಯ ಸರ್, ತಪ್ಪು ನಮ್ದ ಐತ್ರಿ. ನೀವು ಭಾಳ ಕಲಿಸೀರಿ. ನಮಗ ಅಕೀಗೆ ಹಾಲು, ಮೊಟ್ಟಿ ಸರಿಯಾಗಿ ಕೊಡಾಕ ಆಗಲಿಲ್ಲ. ಅದಕ ತೋಳಾಗ ಬಲ ಬರಲಿಲ್ಲ. ಅಕೀ ಮ್ಯಾಲೆ ಸಿಟ್ಟ ಮಾಡಬ್ಯಾಡ್ರಿ."

ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ.

"ಇರಲಿ ಬಿಡ್ರಿ ಸೂಗಪ್ಪನವರ. ಇನ್ನ ಮ್ಯಾಲಾದರೂ ಚೊಲೋ ತಿನ್ನಸ್ರಿ," ಎಂದೆ.

ಕೈ ಮುಗಿದು ಹೋದರು. ಹೋಳಿಗೆ ಚೆನ್ನಾಗಿದ್ದವು. ಎರಡು ತಿಂದೆ.

ನವೆಂಬರ್ 9, ಶನಿವಾರ. ಬೆಳಗ್ಗೆ 7.40

ಕ್ಲಬ್ಬಿನಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನೆ ಭಕ್ತಿ ಕ್ಯಾಂಪಿಗೆಂದು ಸಿಕಂದರಾಬಾದಿನಿಂದ ರೈಲು ಹತ್ತಿದಳು. ಇವತ್ತು ಸೌಂದರ್ಯಾ ಬರುವುದಿಲ್ಲ ಅಂದುಕೊಂಡಿದ್ದೆ. ನನಗಿಂತ ಮುಂಚೆ ಬಂದಿದ್ದಳು.

"ಸರ್, ಒಂದ ಸಲ ನೋಡ್ತೀರೇನ್ರಿ?"

ಮೂರನೆಯ ದೋಣಿ. ಹಗ್ಗ ಹಿಡಿದಳು, ಎಳೆದಳು. ಹಾಯಿ ತಡೆಯಿಲ್ಲದೆ ತುದಿಗೆ ಹೋಯಿತು. ಸ್ಟಾಪ್‌ವಾಚ್‌ನಲ್ಲಿ ಇಪ್ಪತ್ತೆರಡು. ಇಷ್ಟು ಬೇಗ ಇಲ್ಲಿ ಯಾರೂ ಏರಿಸಿಲ್ಲ. ನಾನೂ ಇಲ್ಲ.

ಈಗ ಗೊತ್ತಾಗಿಬಿಡುತ್ತದೆ ಎಂದು ವಾಚನ್ನು ಅಂಗೈಯಲ್ಲಿ ಮುಚ್ಚಿದೆ. ಅವಳು ನಗುತ್ತಿದ್ದಳು.

"ಬಲ ಬಂತ್ರಿ ಸರ್. ಹದಿನೈದು ದಿನದಿಂದ ದಿನಾ ಎರಡೂ ಹೊತ್ತು ನೀರಿನ ಕೊಡ ಹೊತ್ತು ಮೂರು ಮಾಳಿಗಿ ಹತ್ತಾಕತ್ತೀನಿ. ನೀವು ಬೈದದ್ದ ಚೊಲೋ ಆತು. ಮುಂದಿನ ವರ್ಷ ನನ್ನ ಹೆಸರು ಕಳಸ್ತೀರಲ್ರೀ?"

ವಯಸ್ಸಿನ ನಿಯಮ ಅವಳಿಗೆ ಗೊತ್ತಿಲ್ಲ. ನಾನು ಯಾವತ್ತೂ ಹೇಳಿಲ್ಲ.

ಬಾಯಿ ತೆರೆದೆ. ಬಂದದ್ದು ಇಷ್ಟೇ — "ಮೂವತ್ತೆರಡು ಆಗೈತಿ. ನಿಧಾನ ಆತು. ಇಳಿಸಿ ಮತ್ತ ಏರಸು."

"ಹೂಂ ಸರ್."

ಇಳಿಸಿದಳು, ಏರಿಸಿದಳು. ಇಪ್ಪತ್ತೊಂದು. ಮೂವತ್ತು ಎಂದೆ. ಇನ್ನೂ ಏರಿಸುತ್ತಲೇ ಇದ್ದಾಳೆ, ಕಿಟಕಿಯಲ್ಲಿ ಕಾಣುತ್ತಿದೆ. ಹದಿನೇಳು ಸಲವಾಯಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಈಗ ಇತ್ತಲೇ ನೋಡುತ್ತಿದ್ದಾಳೆ, ನಾನು ಸಾಕು ಅನ್ನಬೇಕು, ಸಾಕು ಎಂದರೆ ಇಲ್ಲಿಗೆ ಬರುತ್ತಾಳೆ, ಬಂದರೆ ಮತ್ತೆ ಮುಂದಿನ ವರ್ಷದ ಮಾತು