ಎದುರುತ್ತರ ಕೊಡದ ಗೋಡೆ

ಅಡುಗೆಮನೆಯ ಮೇಜಿನಿಂದ,
14ನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ನನ್ನವರಿಗೆ,

ಹೇಗಿದ್ದೀರಿ? ಸುರಂಗದ ದೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನು ಮೇಲಿನವರು ಬಂದಾಗ ಮಾತ್ರ ಕಟ್ಟಿಕೊಳ್ಳುತ್ತೀರಿ ಎಂದು ನನಗೆ ಗೊತ್ತು, ಸುಳ್ಳು ಬರೆಯಬೇಡಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನ್ನೆಯಿಂದ ಕೈಕಾಲೇ ಆಡುತ್ತಿಲ್ಲ. ಫೋನ್ ಮಾಡದೆ ಕಾಗದ ಏಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡಿ. ಈ ಮನೆಯೊಳಗೆ ಫೋನಿನಲ್ಲಿ ಮಾತಾಡಲು ಭಯವಾಗುತ್ತಿದೆ. ಹೊರಗೆ ಹೋಗಿ ಮಾತಾಡೋಣವೆಂದರೆ ಮಾವನವರನ್ನು ಒಬ್ಬರನ್ನೇ ಬಿಟ್ಟು ಹೋಗಲು ಧೈರ್ಯವಿಲ್ಲ. ನಿಮ್ಮ ಕ್ಯಾಂಪಿಗೆ ಸಾಮಾನು ಒಯ್ಯುವ ಲಾರಿಯ ಡ್ರೈವರ್ ಸಂಜೆ ಬಂದು ಇದನ್ನು ತೆಗೆದುಕೊಂಡು ಹೋಗುತ್ತಾನೆ.

ಮಾವನವರ ಸಂಗೀತದ ಕೋಣೆ ಹೆಚ್ಚುಕಡಿಮೆ ಮುಗಿಯಿತು. ನೀವು ಹೊರಟಾಗ ಅದು ಬರೀ ಖಾಲಿ ಹಿಂದಿನ ಕೋಣೆ. ಚಪ್ಪಾಳೆ ಹೊಡೆದರೆ ಸದ್ದು ಗೋಡೆಯಿಂದ ಗೋಡೆಗೆ ಟರ್ರೆಂದು ಓಡುತ್ತಿತ್ತು. ಕೆಲಸದಲ್ಲಿದ್ದಷ್ಟು ದಿನವೂ ರೇಡಿಯೋದಲ್ಲಿ ಧ್ವನಿಮುದ್ರಣ ಮಾಡಿದವರು ಅಂಥ ಕೋಣೆಯಲ್ಲಿ ಹೇಗೆ ಕೂತಾರು? ಹಾಸಿಗೆ ಹೊಲಿಯುವವನನ್ನು ಕರೆಸಿ, ಮರದ ಚೌಕಟ್ಟುಗಳಿಗೆ ಹತ್ತಿ ತುಂಬಿಸಿ, ನನ್ನದೇ ಯಜಮಾನಿಕೆಯಲ್ಲಿ ನಾಲ್ಕೂ ಗೋಡೆಗೆ ಹೊಡೆಸಿಬಿಟ್ಟೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಹಾಗಾಯಿತು. ಹಾಡು ಹಾಕಿದರೆ ಹಾಡುವವಳಿಗೆ ನೆಗಡಿಯಾದಂತೆ ಕೇಳಿಸಿತು. ಮಾವನವರು ಆ ಒಡಕು ದನಿಯಲ್ಲೇ ನಕ್ಕು, "ಗೋಡೆ ಉತ್ತರ ಕೊಡಬೇಕು ಕಣಮ್ಮ, ಎದುರುತ್ತರ ಕೊಡಬಾರದು ಅಷ್ಟೆ. ನೀನು ಅದರ ಬಾಯಿಗೇ ಬಟ್ಟೆ ತುರುಕಿದೀಯ" ಎಂದರು. ಆಮೇಲೆ ಅವರು ಕುರ್ಚಿಯಲ್ಲಿ ಕೂತರು, ನಾನು ಕನ್ನಡಿಯನ್ನು ಗೋಡೆಯುದ್ದಕ್ಕೂ ಸರಿಸುತ್ತಾ ಹೋದೆ. ಕೂತಲ್ಲಿಂದ ನೋಡಿದರೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲೇ ದನಿ ಬಡಿದು ಕಿವಿಗೆ ಬರುವುದಂತೆ. ಹತ್ತಿ ಬೇಕಾದದ್ದು ಆ ಜಾಗಕ್ಕೆ ಮಾತ್ರ. ಬೆನ್ನ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಸಾಕು, ಏರುತಗ್ಗಾದ ಪುಸ್ತಕಗಳು ದನಿಯನ್ನು ಚೆದುರಿಸಿ ಕಳಿಸುತ್ತವೆ ಎಂದರು. "ಇನ್ನೂ ಸ್ವಲ್ಪ ಎಡಕ್ಕೆ" ಎನ್ನುವಷ್ಟರಲ್ಲಿ ಅವರ ದನಿ ಕಟ್ಟಿಹೋಯಿತು. ಉಗುಳು ನುಂಗಲು ಮುಖ ಕಿವುಚಿಕೊಂಡರು. ನಾನು ನೋಡದವಳಂತೆ ಕನ್ನಡಿ ಒರೆಸುತ್ತಾ ನಿಂತೆ.

ಈಗ ವಿಷಯಕ್ಕೆ ಬರುತ್ತೇನೆ, ನೀವು ಕೂತುಕೊಂಡು ಓದಿ. ಹತ್ತಿ ಹೊಡೆಸಿದ ದಿನದಿಂದ ನಿಮ್ಮ ಜೊತೆ, ನಿಮ್ಮ ತಂಗಿಯ ಜೊತೆ ಫೋನಿನಲ್ಲಿ ಆಡಬೇಕಾದ ಮಾತನ್ನೆಲ್ಲ ಆ ಕೋಣೆಯ ಬಾಗಿಲು ಹಾಕಿಕೊಂಡೇ ಆಡಿದ್ದೇನೆ. ಒಳಗೆ ನನ್ನ ಮಾತು ನನ್ನ ತುಟಿಯಿಂದಾಚೆ ಹೋಗುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಅಷ್ಟು ಮೆತ್ತಗೆ, ಅಷ್ಟು ಗುಟ್ಟಾಗಿ. "ಆ ಕೋಣೆಗೆ ಹೋಗಿ ಮಾತಾಡು" ಎಂದು ನೀವೂ ಹೇಳಿದ್ದಿರಿ. ಮಾವನವರ ಗಂಟಲಲ್ಲಿರುವುದು ಕೆಟ್ಟ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ನಿಮ್ಮ ತಂಗಿ ಹೇಳಿದಾಗ ನಾನು ಅದನ್ನೇ ದಡ್ಡಿಯಂತೆ ಜೋರಾಗಿ ತಿರುಗಿಸಿ ಕೇಳಿದ್ದು ಅಲ್ಲೇ. ಡಾಕ್ಟರು ತಾವೇ ತಿಳಿಸುತ್ತೇವೆ ಎಂದರೂ ಬೇಡ, ನಾವೇ ಹೇಳುತ್ತೇವೆ, ಅಲ್ಲಿಯವರೆಗೆ ಚಿಕ್ಕ ಆಪರೇಷನ್ ಅಂತಲೇ ಇರಲಿ ಎಂದು ನಾವು ಮೂವರೂ ಗೊತ್ತುಮಾಡಿಕೊಂಡದ್ದೂ ಅಲ್ಲೇ. ಕೊನೆಗೆ ನಾನು ಅತ್ತದ್ದು ಕೂಡ ಅಲ್ಲೇ.

ನಿನ್ನೆ ಹಾಸಿಗೆಯವನು ಹೆಚ್ಚಾದ ಚೌಕಟ್ಟುಗಳನ್ನು ಬಿಚ್ಚಲು ಬಂದಿದ್ದ. ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ನಾನು ಇಲ್ಲಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ; ಮಾವನವರು ಎಂದಿನಂತೆ ಆ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆಗೆ ಒರಗಿ ಪೇಪರ್ ಓದುತ್ತಿದ್ದರು. ಅವನು ಒಳಗೆ ಹೆಂಡತಿಗೆ ಫೋನ್ ಮಾಡಿ, ಪಿಸುಮಾತಲ್ಲಿ ಅಂತ ಅವನ ಲೆಕ್ಕ, "ಈ ಯಮ್ಮ ಇವತ್ತು ಹೊಡೆಸ್ತಾರೆ, ನಾಳೆ ಬಿಚ್ಚಿಸ್ತಾರೆ, ತಲೆ ನೆಟ್ಟಗಿಲ್ಲ ಅನ್ಸುತ್ತೆ" ಎಂದ. ಒಂದಕ್ಷರ ಬಿಡದೆ ಕೇಳಿಸಿತು. ನಗು ಬಂತು. ನಗುತ್ತಲೇ ಮಾವನವರ ಕಡೆ ತಿರುಗಿದೆ. ಅವರು ನಗುತ್ತಿರಲಿಲ್ಲ. ಪೇಪರ್ ಮಡಿಸಿ, ಮಗುವಿಗೆ ಪಾಠ ಹೇಳುವಷ್ಟು ಸಮಾಧಾನವಾಗಿ, "ಹತ್ತಿ ಕೋಣೆಯೊಳಗಿನ ಪ್ರತಿಧ್ವನಿ ತಿನ್ನುತ್ತಮ್ಮ. ಆಚೆ ಹೋಗೋ ಮಾತನ್ನ ತಡೆಯಲ್ಲ. ತಡೀಬೇಕಂದ್ರೆ ಗೋಡೆ ದಪ್ಪ ಇರ್ಬೇಕು" ಎಂದರು. ಆಮೇಲೆ ಎದ್ದು ನನ್ನ ಕೈಯಿಂದ ಚಾಕು ತೆಗೆದು ಬದಿಗಿಟ್ಟರು.

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿಗೂ ನಮಗೂ ಏನು ವ್ಯತ್ಯಾಸ ಹೇಳಿ. ಒಳಗಿನ ನಮಗೆ ಮಾತು ವಾಪಸ್ ಬರಲಿಲ್ಲ, ಅದಕ್ಕೇ ಯಾರಿಗೂ ಕೇಳಿಸಲಿಲ್ಲ ಅಂದುಕೊಂಡೆವು. ಅವರು ಗೋಡೆಯ ಈಚೆ ಕೂತು ಎಲ್ಲವನ್ನೂ ಕೇಳಿದ್ದಾರೆ. ಕೇಳಿದ ಮೇಲೂ ನನ್ನ ಜೊತೆ ಬಂದು ಕನ್ನಡಿ ಎಡಕ್ಕೆ, ಬಲಕ್ಕೆ ಎಂದಿದ್ದಾರೆ. ಒಂದು ಮಾತು ಬೈದಿದ್ದರೆ ನನಗಿಷ್ಟು ಹೆದರಿಕೆ ಆಗುತ್ತಿರಲಿಲ್ಲ. ನಿನ್ನೆಯಿಂದ ಆ ವಿಷಯ ಎತ್ತಿಲ್ಲ. ಬಟ್ಟೆ ಒಗೆಯಲು ಹೋದರೂ ಓಡಿ ಬಂದು ಇದ್ದಾರಾ ಎಂದು ನೋಡುತ್ತೇನೆ. ಸುಮ್ಮನೆ ಕೂತಿದ್ದರೆ ಏನು ಯೋಚಿಸುತ್ತಿದ್ದಾರೋ ಎಂದು ಜೀವ ಹಾರುತ್ತದೆ, ಎದ್ದರೆ ಎಲ್ಲಿಗೆ ಹೊರಟರೋ ಎಂದು. ಆಪರೇಷನ್ನೇ ಬೇಡ ಎಂದುಬಿಟ್ಟರೆ ಏನು ಮಾಡಲಿ? ನಾನು ಸೊಸೆ, ಎಷ್ಟು ಹೇಳಲು ಸಾಧ್ಯ? ನಿಮ್ಮ ತಂಗಿಗೂ ಇನ್ನೂ ಹೇಳಿಲ್ಲ. ಅವಳು ಫೋನ್ ಮಾಡಿದಾಗಲೆಲ್ಲ ಹೂಂ, ಉಹೂಂ ಎಂದಷ್ಟೇ ಹೇಳಿ ಇಡುತ್ತಿದ್ದೇನೆ.

ಲಾರಿಯ ಹಾರ್ನ್ ಕೇಳಿಸುತ್ತಿದೆ. ಅವನ ಕೈಯಲ್ಲಿ ಎರಡು ಬನಿಯನ್, ಕೆಮ್ಮಿನ ಔಷಧ ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ದಾರಿಯನ್ನೇ ನೋಡುತ್ತಿರುವ,
ನಿಮ್ಮವಳು

ವಿ.ಸೂ.: ಕವರು ಅಂಟಿಸುವಷ್ಟರಲ್ಲಿ ಮಾವನವರೇ ಬಂದು ಎದುರಿಗೆ ಕೂತರು. ಆಪರೇಷನ್ ಬೇಡ ಅನ್ನುವುದಿಲ್ಲವಂತೆ. ಆದರೆ, "ಮಗನ ಹತ್ರ ಮಾತಾಡದೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಫೋನಲ್ಲಿ ಬೇಡ, ಎದುರಿಗೆ ಬರ್ಲಿ" ಎಂದರು. ಆಸ್ಪತ್ರೆಯವರು ಕೊಟ್ಟಿರುವ ದಿನ ಗುರುವಾರ. ಅದು ತಪ್ಪಿದರೆ ಮುಂದಿನದು ಯಾವಾಗಲೋ ಅವರಿಗೇ ಗೊತ್ತಿಲ್ಲ. ಇದೇ ಲಾರಿ ನಾಳೆ ಬೆಳಿಗ್ಗೆ ಅಲ್ಲಿಂದ ವಾಪಸ್ ಹೊರಡುತ್ತದೆ, ಡ್ರೈವರಿಗೆ ಹೇಳಿದ್ದೇನೆ, ಹತ್ತಿಕೊಳ್ಳಿ. ರಜೆ ಕೊಡದಿದ್ದರೆ ಹೇಳದೆಯೇ ಬನ್ನಿ. ಮಾವನವರು ನಿಮಗಾಗಿ ಕಾಯುತ್ತಾರೆ. ಗಡ್ಡೆ ಕಾಯುವುದಿಲ್ಲ.